ಹೊನವಾಡದಲ್ಲಿ ಕೇಳದ ಸದ್ದು

ಕಳೆದ ವರ್ಷ ಮೇ ತಿಂಗಳು, ಗಡಿಯಲ್ಲಿ ಫಿರಂಗಿ ಕಾಳಗ ನಡೆದಿದ್ದ ದಿನಗಳಲ್ಲಿ, ಹೊನವಾಡದ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ಕುಳಿತಿದ್ದಾಗ ನನ್ನ ಬಲಗಿವಿಯ ತಮಟೆ ಹರಿಯಿತು. ಅಲ್ಲಿ ಯಾವ ಸದ್ದೂ ಆಗಿರಲಿಲ್ಲ.

ನಾನು ವಿಜಯಪುರದಲ್ಲಿ ವರದಿಗಾರ. ದೆವ್ವ, ಪವಾಡ, ಕನಸಿನ ಸೂಚನೆ ಎಂದು ಬಂದ ಸುದ್ದಿಗಳನ್ನೆಲ್ಲ ಸಾಕ್ಷಿ ಇಲ್ಲವೆಂದು ಕೈಬಿಟ್ಟವನು. ಹಾಗಾಗಿ ಇದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಹಕ್ಕು ನನಗಿಲ್ಲ. ಆದದ್ದನ್ನಷ್ಟೇ ಹೇಳುತ್ತೇನೆ.

ಸೈನಿಕರ ಮನೆಯವರ ಬಗ್ಗೆ ಬರೆಯಲು ಹೋಗಿದ್ದೆ. ಆ ಊರಿನ ಮಹಾದೇವಿ ಎಂಬಾಕೆಯ ಗಂಡ ಬಸವರಾಜ ಫಿರಂಗಿ ದಳದ ಸಿಪಾಯಿ. ಕೆಲವು ದಿನಗಳಿಂದ ಅವನ ಫೋನ್ ಬಂದಿರಲಿಲ್ಲ. ಮನೆಯಲ್ಲಿ ಕುಳಿತರೆ ಕೆಟ್ಟದ್ದೇ ಹೊಳೆಯುತ್ತದೆಂದು ಆಕೆ ಶೆಡ್ಡಿಗೆ ಬಂದು, ಫೋನನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, ದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದಳು.

ಗಡಿಯಲ್ಲಿ ಸೈನಿಕರ ದಿನ ಹೇಗೆ ಕಳೆಯುತ್ತದೆ ಎಂದು ಮಹಾದೇವಿಯನ್ನು ಕೇಳಿದೆ. ಗಂಡನಿಂದ ಕೇಳಿದ್ದನ್ನು ಹೇಳಿದಳು: ಗನ್ನಿನ ಪಕ್ಕದಲ್ಲೇ ನಿದ್ದೆ, ಮರೆಗಾಗಿ ಕಟ್ಟಿದ ಬಲೆಯ ಕೆಳಗೆ ಚಹಾ, ಗುಂಡು ಹಾರಿಸಿದ ಮೇಲೆ ಎಲ್ಲರೂ ಸೇರಿ ಉದ್ದ ಬ್ರಷ್ಷು ತೂರಿಸಿ ನಳಿಗೆ ಒರೆಸುವುದು. ಗುಂಡು ಸಿಡಿಯುವಾಗ ಕಿವಿ ಮುಚ್ಚಿ ಬಾಯಿ ತೆರೆಯಬೇಕು. ಬಾಯಿ ಮುಚ್ಚಿದ್ದರೆ ತಮಟೆ ಹರಿಯುತ್ತದೆ.

"ಸೂಟಿ ಮ್ಯಾಲ ಊರಿಗೆ ಬಂದಾಗ ದೀಪಾವಳಿ ಪಟಾಕಿಗೂ ಹಂಗ ನಿಂದರ್ತಾನ್ರಿ," ಎಂದು ಪಕ್ಕದಲ್ಲಿದ್ದ ಗಂಗವ್ವ ನಕ್ಕಳು. "ಲಾಡು ತಿನ್ನಾಕ ಬಾಯಿ ತಗದಾನೇನೋ ಅಂತ ನಾವ್ ತಿಳ್ಕೊಂಡಿದ್ವಿ."

"ಸುಮ್ನಿರ ಬೇ. ನಿನ್ನ ಗಂಡ ಮಲಗಿದಾಗ ಸೈತ ಬಾಯಿ ಮುಚ್ಚಂಗಿಲ್ಲ," ಎಂದಳು ಮಹಾದೇವಿ.

ಹೆಂಗಸರ ನಗು ಇನ್ನೂ ನಿಂತಿರಲಿಲ್ಲ. ಮಹಾದೇವಿ ಥಟ್ಟನೆ ಎದ್ದಳು. ಮುಖ ಬಿಳಿಚಿತ್ತು.

"ಬಾಯಿ ತಗೀರಿ! ಎಲ್ಲಾರೂ ಬಾಯಿ ತಗೀರಿ!"

ಯಾಕೆಂದು ಯಾರೂ ಕೇಳಲಿಲ್ಲ. ಅಷ್ಟೂ ಹೆಂಗಸರು ಕಿವಿ ಮುಚ್ಚಿ ಬಾಯಿ ತೆರೆದರು. ನಾನೊಬ್ಬನೇ ಪೆನ್ನು ಹಿಡಿದು, ತುಟಿ ಬಿಗಿದು ನೋಡುತ್ತ ಕುಳಿತೆ.

ಎದೆಗೆ ಏನೋ ಗುದ್ದಿತು. ತಗಡಿನ ಚಾವಣಿ ಅಲುಗಲಿಲ್ಲ. ದ್ರಾಕ್ಷಿ ರಾಶಿಯ ಮೇಲಿನ ನೊಣ ಕೂಡ ಏಳಲಿಲ್ಲ. ಆದರೆ ಕಿವಿಯಿಂದ ಬಿಸಿಯಾಗಿ ಏನೋ ಇಳಿಯಿತು, ಮುಟ್ಟಿಕೊಂಡರೆ ರಕ್ತ. ಅಂಥ ಹೆದರಿಕೆ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಮಹಾದೇವಿ ನೆಲಕ್ಕೆ ಕುಸಿದು, "ಅವರಿಗೇನೋ ಆಗೇತ್ರಿ, ಏನೋ ಆಗೇತಿ," ಎನ್ನುತ್ತಿದ್ದಳು. ಅದು ನನ್ನ ಎಡಗಿವಿಗೆ ಮಾತ್ರ ಕೇಳುತ್ತಿತ್ತು.

ಸಂಜೆ ಫೋನ್ ಬಂದಾಗ ನಾನು ಅಲ್ಲೇ ಇದ್ದೆ. ಒಬ್ಬನೇ ಹೊರಡುವ ಧೈರ್ಯ ಬಂದಿರಲಿಲ್ಲ. ಬಸವರಾಜ ಬದುಕಿದ್ದ. "ಊಟ ಆತೇನ್ರಿ?" ಎಂಬ ಒಂದೇ ಮಾತನ್ನು ಆಕೆ ಮತ್ತೆ ಮತ್ತೆ ಕೂಗಿ ಕೇಳಿದಳು. ಅವನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ.

ವಿಜಯಪುರದ ವೈದ್ಯರು ಕಿವಿ ನೋಡಿ, ಹತ್ತಿರದಲ್ಲಿ ಸ್ಫೋಟವಾಯಿತೇ ಎಂದು ಕೇಳಿದರು. ಇಲ್ಲ ಎಂದೆ. ಟಿಕೋಟ, ಬಬಲೇಶ್ವರ ಕಡೆಯ ಕಲ್ಲುಗಣಿಗಳಲ್ಲಿ ವಿಚಾರಿಸಿದೆ; ಅಂದು ಎಲ್ಲಿಯೂ ಮದ್ದು ಸಿಡಿಸಿರಲಿಲ್ಲ. ಪತ್ರಿಕೆಯ ವರದಿಯಲ್ಲಿ ಇದ್ಯಾವುದನ್ನೂ ಬರೆಯಲಿಲ್ಲ.

ಬಸವರಾಜ ರಜೆಗೆ ಬಂದಾಗ ಹೋಗಿ ಕಂಡೆ. ಅಂದು ಮಧ್ಯಾಹ್ನ, ನಾವು ಶೆಡ್ಡಿನಲ್ಲಿದ್ದ ಹೊತ್ತಿಗೇ, ಗನ್ನು ಒರೆಸುತ್ತ ಹರಟುತ್ತಿದ್ದಾಗ ಶತ್ರುವಿನ ಶೆಲ್ ಹತ್ತಿರವೇ ಬಿದ್ದಿತಂತೆ. ಅದಕ್ಕೂ ಮುಂಚೆ ಯಾರೋ ಕೂಗಿದ್ದರಿಂದ ಎಲ್ಲರೂ ನೆಲಕ್ಕೆ ಅಂಟಿಕೊಂಡಿದ್ದರು. ಎಲ್ಲರೂ ಉಳಿದರು.

ಕೂಗಿದ್ದು ಯಾರು ಎಂದೆ.

"ಅದ ಜಗಳ ನಡದೈತ್ರಿ ನಮ್ಮಾಗ. ಕೇಳಿದ್ದು ಎಲ್ಲಾರಿಗೂ ಕೇಳೇತಿ. ನಾ ಅಲ್ಲ ಅಂತ ಎಲ್ಲಾರೂ ಅಂತಾರ."

ಅವನು ಈಗ ದಳಕ್ಕೆ ಮರಳಿದ್ದಾನೆ. ಹೋದ ವಾರ ಫೋನಿನಲ್ಲಿ ಮತ್ತೆ ವಿಚಾರಿಸಿದೆ. ಕೂಗಿದವನು ತಾನೆಂದು ಇನ್ನೂ ಯಾರೂ ಒಪ್ಪಿಲ್ಲ.