ಟೀಚರಮ್ಮ ಅಳೆದ ಮುದ್ದೆ

ನಮ್ಮೂರ ಅಂಗನವಾಡಿ ಟೀಚರಮ್ಮನ ಬಲಗಾಲು ಸ್ವಲ್ಪ ಸೊಟ್ಟ. ಹೊಳವನಹಳ್ಳಿ ಬಸ್ಸಿಳಿದು ಬೀದಿಯಲ್ಲಿ ಬರುತ್ತಿದ್ದರೆ ಒಂದು ಚಪ್ಪಲಿ ಪಟಕ್ ಅನ್ನುತ್ತಿತ್ತು, ಇನ್ನೊಂದು ಸರ್ ಅಂತ ನೆಲ ಗೀರುತ್ತಿತ್ತು. ಮಗಳು ಚೊಚ್ಚಲ ಬಸುರಿಯಾಗಿ ಮನೆಗೆ ಬಂದಮೇಲೆ ಆ ಸದ್ದು ಕೇಳಿದರೆ, ಇವತ್ತೇನು ಹೇಳುತ್ತಾರೋ ಅಂತ ನನಗೆ ದಿಗಿಲು. ರಕ್ತ ಕಡಿಮೆ, ಹೀಗೇ ಇದ್ದರೆ ತಾಯಿಗೂ ಮಗುವಿಗೂ ಕಷ್ಟ ಅಂದಿದ್ದರು ಡಾಕ್ಟರು.

ಏಳನೇ ತಿಂಗಳಲ್ಲಿ ಒಂದು ದಿನ ಟೀಚರಮ್ಮ ಮನೆಗೆ ಬಂದು, ಬಸುರಿಯರ ಲೆಕ್ಕ ಬರೆಯುವ ಪುಸ್ತಕ ತೆಗೆದು, "ಏನುಣ್ತೀಯವ್ವ?" ಅಂತ ಕೇಳಿದರು.

"ಹೊತ್ತಿಗೆ ಎರಡು ಮುದ್ದೆ ಉಣ್ತೀನಿ ಟೀಚರ್," ಅಂದಳು ಮಗಳು. ನಾನೂ ಹೂಂ ಅಂದೆ.

"ಎಷ್ಟು ದಪ್ಪ? ಕೈಯಾಗೆ ತೋರ್ಸು."

ಅವಳು ಎರಡೂ ಕೈ ಅಗಲಿಸಿ ತೋರಿಸಿದಳು.

"ಲೇ, ಅದು ನಿಮ್ಮಪ್ಪನ ಮುದ್ದೆ ಕಣೇ!" ಅಂತ ನಕ್ಕು, ಹೋಗದೆ ಗೋಡೆಗೆ ಒರಗಿ ಕೂತರು. ಮಗಳಿಗೆ ಊಟಕ್ಕಿಟ್ಟೆ. ಅವಳು ನಾಕು ತುತ್ತು ನುಂಗಿ ತಟ್ಟೆ ತಳ್ಳಿದಳು.

"ಈಗ ತೋರ್ಸವ್ವ, ದಿನಾ ಎಷ್ಟುಣ್ತೀಯ?"

ಮಗಳ ಬೆರಳು ನಿಂಬೆಹಣ್ಣಿನಷ್ಟಕ್ಕೆ ಕೂಡಿಕೊಂಡವು.

ಟೀಚರಮ್ಮ ನನ್ನ ಕಡೆ ತಿರುಗಿದರು. "ಅವಳು ಸುಳ್ಳೇಳ್ಲಿಲ್ಲ ಕಣಮ್ಮ. ಹಸಿದಾಗ ಕೇಳಿದ್ರೆ ಆಸೆ ಆಗಿದ್ದನ್ನೆಲ್ಲ ಉಂಡಿದೀನಿ ಅನ್ಸುತ್ತೆ. ನೀವೂ ಹಸಿದಿದ್ರಿ, ಅದ್ಕೇ ಹೂಂ ಅಂದ್ರಿ."

ನಾನು ಎಲ್ಲರೂ ಉಂಡಮೇಲೆ ಉಣ್ಣುವವಳು. ಇಷ್ಟು ದಿನ ಒಳಗಿನ ಕೂಸು ಏನು ತಿಂದು ಬದುಕಿತ್ತೋ!

ಅವತ್ತಿಂದ ಟೀಚರಮ್ಮ ಹೇಳಿದಂತೆ ನಿಂಬೆಹಣ್ಣಿನ ಗಾತ್ರದ ಮುದ್ದೆ, ಸೊಪ್ಪಿನ ಸಾರು, ಕಡಲೆಕಾಯಿ, ದಿನಕ್ಕೆ ಐದು ಸಲ ಕೊಟ್ಟೆ. ಭಾನುವಾರವೂ ಅವರು ಬಂದು ಎದುರಿಗೆ ಕೂತು ಉಣ್ಣಿಸುತ್ತಿದ್ದರು. ಆದರೂ ನನ್ನ ಭಯ ಹೋಗಲಿಲ್ಲ. ನೋವು ಬಂದಾಗ ಕೊರಟಗೆರೆ ಆಸ್ಪತ್ರೆಯಿಂದ ತುಮಕೂರಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಮಗಳ ಬೆವತ ಕೈ ಹಿಡಿದು, ಯಾರನ್ನು ಕಳಕೊಳ್ಳುತ್ತೀನೋ ಅಂತ ಕೂತೆ.

ಹೆಣ್ಣುಮಗು! ಬಾಗಿಲಾಚೆಗೂ ಕೇಳುವಂತೆ ಅತ್ತಿತು. ಮಗಳೂ ಕಣ್ಣು ಬಿಟ್ಟಳು. ನರ್ಸಮ್ಮನ ಕೈ ಹಿಡಿದು ಕುಣಿಯುವುದೊಂದು ಬಾಕಿ.

ಮಧ್ಯಾಹ್ನ ಟೀಚರಮ್ಮ ಎರಡು ಬಸ್ಸು ಬದಲಾಯಿಸಿ ಬಂದು ಮಗುವನ್ನು ಎತ್ತಿಕೊಂಡರು. ಹಾಗೇ ಗೋಡೆಗೆ ಒರಗಿ ಕೂತರು.

"ಊಟ ಆಯ್ತಾ ಟೀಚರಮ್ಮ?"

"ಈಗ ಕೇಳ್ಬೇಡಿ ಕಣಮ್ಮ. ಬೆಳಿಗ್ಗೆಯಿಂದ ಹಸಿದೀನಿ, ಏನೇಳ್ತೀನೋ ನಂಗೇ ನಂಬ್ಕೆ ಇಲ್ಲ."

ನಗುತ್ತಾ ಬುತ್ತಿ ಬಿಚ್ಚಿದೆ. ಅಷ್ಟು ತಿಂಗಳು ನಮ್ಮ ಮನೆಗೆ ಎಡತಾಕಿದವರನ್ನು ನಾನು ಊಟ ಆಯ್ತಾ ಅಂತ ಕೇಳಿದ್ದು ಅದೇ ಮೊದಲು.