ಎಮ್ಮೆದೊಡ್ಡಿಯ ಸಮುದ್ರ

ಕಡೂರಿನಲ್ಲಿ ಸಮುದ್ರವಿಲ್ಲ. ತರೀಕೆರೆಯಲ್ಲೂ ಇಲ್ಲ, ಅಜ್ಜಂಪುರದಲ್ಲೂ ಇಲ್ಲ. ಆದರೂ ಈ ಕಡೆಯ ಡಿಗ್ರಿ ಮಕ್ಕಳು ಪರಿಸರ ಅಧ್ಯಯನದ ಪರೀಕ್ಷೆಯಲ್ಲಿ 'ನೀವು ಭೇಟಿ ಕೊಟ್ಟ ಒಂದು ಸ್ಥಳ' ಎಂಬ ಹತ್ತು ಅಂಕದ ಪ್ರಶ್ನೆಗೆ ವರ್ಷ ವರ್ಷವೂ ಕಡಲ ತೀರವನ್ನೇ ಬರೆಯುತ್ತಾರೆ. ಅಲೆ, ಏಡಿ, ತೇಲಿ ಬಂದ ಪ್ಲಾಸ್ಟಿಕ್ಕು, ಮೀನುಗಾರರ ಸಂಕಟ. ಕಡಲನ್ನು ಕಂಡವರು ಯಾರೂ ಇಲ್ಲ. ಗೈಡಿನಲ್ಲಿ ಹಾಗಿದೆ, ಅಷ್ಟೇ.

ಶಿರೀನ್ ತಾಜ್ ಕೂಡ ಹೋದ ಸಲ ಕಡಲನ್ನೇ ಬರೆದಿದ್ದಳು. ಕಡೂರಿನ ಪುಟ್ಟ ಖಾಸಗಿ ಶಾಲೆಯೊಂದರಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುವವಳು, ಮದುವೆಯಾದ ಮೇಲೆ ಬಿ.ಎ.ಗೆ ಕೂತವಳು. ಉಳಿದ ಪತ್ರಿಕೆಗಳೆಲ್ಲ ಪಾಸಾಗಿ ಇದೊಂದು ನಿಂತಿದೆ. ಇದಾಗದೆ ಡಿಗ್ರಿ ಇಲ್ಲ, ಡಿಗ್ರಿ ಇಲ್ಲದೆ ಬಿ.ಎಡ್. ಇಲ್ಲ, ಬಿ.ಎಡ್. ಇಲ್ಲದ ಮಿಸ್ಸನ್ನು ಯಾವ ಬೇಸಿಗೆಯಲ್ಲಾದರೂ 'ಜೂನ್‌ನಿಂದ ಬರಬೇಡಿ' ಎನ್ನಬಹುದು.

ಅವಳು ಫೇಲಾದ ಬಗೆ ಕೇಳಿ. ಆ ಸಲ ಪ್ರಶ್ನೆಗೆ 'ನಿಮ್ಮ ತಾಲ್ಲೂಕಿನ' ಎಂಬ ಮಾತು ಸೇರಿಕೊಂಡಿತ್ತು. ಬಾಯಿಪಾಠ ಮಾಡಿದ್ದನ್ನು ಬಿಡಲು ಧೈರ್ಯ ಸಾಲದೆ ಅವಳು ಊರಿನ ಹೆಸರು ಬದಲಾಯಿಸಿ, ಕಡೂರು ತಾಲ್ಲೂಕಿನ ಹುಲ್ಲುಗಾವಲಿನ ಹಸುಗಳನ್ನಷ್ಟೇ ಸೇರಿಸಿದಳು: 'ಎಮ್ಮೆದೊಡ್ಡಿ ಕಾವಲಿನಲ್ಲಿ ಅಮೃತಮಹಲ್ ಹಸುಗಳು ಮೇಯುತ್ತಿದ್ದವು. ಪಕ್ಕದಲ್ಲೇ ಅಲೆಗಳು ದಡಕ್ಕೆ ಬಡಿಯುತ್ತಿದ್ದವು.' ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಗಂಡ ಅರ್ಫಾತ್ ಇದನ್ನು ಕೇಳಿ, ಕೈಯಲ್ಲಿದ್ದ ತಾಮ್ರದ ತಂತಿ ಬಿಟ್ಟು ನಕ್ಕ. "ಬೇಗಂ, ಇನ್ಮೇಲೆ ಮೀನಿಗೆ ಎಮ್ಮೆದೊಡ್ಡಿಗೇ ಹೋಗಿ ಬತ್ತೀನಿ ಬಿಡು!"

ನಗಲಿ. ಆದರೆ ಮಲ್ಪೆ ಎಂಬ ಕಡಲೂರಿನ ಹೆಸರನ್ನೂ ಬದಲಾಯಿಸದೆ ಗೈಡಿನ ಪುಟವನ್ನೇ ಇಳಿಸಿದ ಗೆಳತಿ ಸಂಗೀತಾ ಪಾಸಾದಳು. ಹಾಗಾದರೆ ತಪ್ಪು ಯಾವುದು, ಸಮುದ್ರವೋ ಎಮ್ಮೆದೊಡ್ಡಿಯೋ? ಶಿರೀನಳ ತಲೆ ಕೆಟ್ಟದ್ದು ಅಲ್ಲಿಂದ.

ಈ ಸಲ ಗೈಡನ್ನು ನೋಡಿಯೇ ಕೊಳ್ಳಬೇಕೆಂದು ಬಸ್‌ಸ್ಟ್ಯಾಂಡಿನ ಹತ್ತಿರದ ಪುಸ್ತಕದಂಗಡಿಗೆ ಹೋದಳು. ಅಂಗಡಿಯ ಮಲ್ಲಿಕಾರ್ಜುನಯ್ಯ ಮೂರು ಗೈಡುಗಳನ್ನು ಮುಂದಿಟ್ಟರು.

"ಹಸಿರು ರಟ್ಟಿಂದು ಚೆನ್ನಾಗಿ ಓಡ್ತೈತೆ ಮಿಸ್ಸೇ. ಕೆಂಪುದ್ದೂ ಪರ್ವಾಗಿಲ್ಲ. ಈ ದಪ್ಪಂದು ಬುದ್ಧಿವಂತರು ತಗೋತಾರೆ."

"ನಾನು ಯಾವ್ದು ತಗೊಳ್ಲಿ ಅಯ್ನೋರೆ?"

"ನೀವು ಯಾರು ಅಂತ ನಿಮ್ಗೇ ಗೊತ್ತಿರ್ಬೇಕಲ್ಲಮ್ಮ!"

ಮೂರರಲ್ಲೂ ಅದೇ ಪ್ರಶ್ನೆ ಹುಡುಕಿದಳು. ಹಸಿರಿನಲ್ಲಿ ಅದೇ ಹಳೆಯ ಸಮುದ್ರ. ಕೆಂಪಿನಲ್ಲಿ ಹುಲ್ಲುಗಾವಲು ಕಂಡು ಜೀವ ಬಂದಂತಾಯಿತು. ಆದರೆ ಅದರ ಪ್ರಕಾರ ಹುಲ್ಲುಗಾವಲು ಪಾಳುಭೂಮಿ, ಮರ ನೆಟ್ಟು ಉದ್ಧಾರ ಮಾಡಬೇಕು. ದಪ್ಪ ಪುಸ್ತಕದ ಪ್ರಕಾರ ಅದು ಪಾಳಲ್ಲ, ಮರ ನೆಟ್ಟರೇ ಹಾಳು.

"ಅಯ್ನೋರೆ, ಒಂದು ನೆಡಿ ಅಂತೈತೆ, ಇನ್ನೊಂದು ನೆಡಬ್ಯಾಡಿ ಅಂತೈತೆ."

"ಹಂಗಾರೆ ಎರಡೂ ತಗೊಂಡೋಗಿ. ಒಂದಲ್ಲ ಒಂದು ಸರಿ ಇರ್ತೈತೆ!"

ಅಲ್ಲಿಂದಲೇ ಕಾಲೇಜಿನ ಗುರುಮೂರ್ತಿ ಮೇಷ್ಟ್ರಿಗೆ ಫೋನು ಮಾಡಿದಳು. ಅವರು ತಡವರಿಸಲಿಲ್ಲ. "ಹಸಿರುದ್ದೇ ತಗೊಳ್ಳಮ್ಮ. ತಿದ್ದೋರ ಮುಂದೆ ಕಟ್ಟುಗಟ್ಲೆ ಪೇಪರ್ ಇರುತ್ತೆ. ಗುರುತಿರೋ ಉತ್ತರ ಕಂಡ್ರೆ ಕೈ ತಾನಾಗೇ ಟಿಕ್ ಹಾಕುತ್ತೆ."

"ತಾಲ್ಲೂಕಿಂದೇ ಕೇಳಿದ್ರೆ ಸರ್?"

"ಕೇಳಿದ್ರೂ ಸಮುದ್ರನೇ ಬರಿ. ಗೈಡಲ್ಲಿರೋ ಊರಿನ ಹೆಸರು ಮುಟ್ಟಬೇಡ."

ಇದನ್ನು ಹೇಳಿದವರು ಕೆಟ್ಟವರಲ್ಲ. ಅದೇ ನನಗೆ ಉರಿಯುವುದು. ಹುಡುಗಿ ಪಾಸಾಗಲಿ ಎಂಬ ಕಕ್ಕುಲಾತಿಯಿಂದಲೇ ಅವಳ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಶಿರೀನ್ ಹಸಿರು ಗೈಡನ್ನೇ ಕೊಂಡಳು. ಏಡಿಗಳನ್ನು ಮತ್ತೆ ಬಾಯಿಪಾಠ ಮಾಡಿದಳು.

ಆದರೂ ಮನಸ್ಸು ತಡೆಯದೆ ಭಾನುವಾರ ಅರ್ಫಾತನ ಬೈಕು ಹತ್ತಿ ಎಮ್ಮೆದೊಡ್ಡಿಗೆ ಹೋದಳು. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕಂಡ ಕಾವಲು. ಇಳಿದು ನಿಂತದ್ದು ಅದೇ ಮೊದಲು. ಗಾಳಿ, ಮೊಣಕಾಲುದ್ದದ ಹುಲ್ಲು, ದೂರದಲ್ಲಿ ಹಿಂದಕ್ಕೆ ಬಾಗಿದ ಕೊಂಬಿನ ಹಸುಗಳು.

"ಬರ್ಕೋ ಮತ್ತೆ," ಅಂದ ಅರ್ಫಾತ್.

"ಏನಂತ? ಗೈಡಲ್ಲಿ ಮೊದ್ಲು ಸಮಸ್ಯೆ, ಆಮೇಲೆ ಪರಿಹಾರ. ಇಲ್ಲಿ ಸಮಸ್ಯೆನೇ ಕಾಣ್ತಿಲ್ವಲ್ಲ."

"ನಾವಿಬ್ರು ಬಂದಿದೀವಲ್ಲ, ಇನ್ನೇನು ಬೇಕು?"

ನಗು ಬಂದರೂ ಗೊಂದಲ ಕರಗಲಿಲ್ಲ. ಒಂದು ಅಂಚಿನಲ್ಲಿ ಯಾರೋ ಎಂದೋ ನೆಟ್ಟ ನೀಲಗಿರಿಯ ಸಾಲಿತ್ತು. ಅದರ ಬುಡದಲ್ಲಿ ಬರೀ ಒಣಗಿದ ಎಲೆ. ಹಸುಗಳು ಆ ನೆರಳನ್ನು ದಾಟಿ ಹುಲ್ಲಿದ್ದಲ್ಲಿಗೇ ಹೋಗಿ ನಿಂತವು. ಕೆಂಪು ಗೈಡು ಸರಿಯೋ ದಪ್ಪ ಗೈಡು ಸರಿಯೋ? ಹಸುಗಳಿಗೆ ಬೇರೆ ಕಾರಣವಿದ್ದರೆ? ಅವಳಿಗೆ ಗೊತ್ತಾಗಲಿಲ್ಲ.

ತರೀಕೆರೆಯಲ್ಲಿ ಪರೀಕ್ಷೆ. ಪ್ರಶ್ನೆ ಮತ್ತೆ ಅದೇ, 'ನಿಮ್ಮ ತಾಲ್ಲೂಕಿನ ಒಂದು ಸ್ಥಳ.' ಮುಂದಿನ ಬೆಂಚಿನ ಹುಡುಗಿ ಆಗಲೇ ಅಲೆಗಳಿಗೆ ಇಳಿದಿದ್ದಳು. ಶಿರೀನಳ ತಲೆಯಲ್ಲೂ ಸಮುದ್ರ ತಯಾರಾಗಿ ನಿಂತಿತ್ತು. ಪೆನ್ನು ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಕೊನೆಗೆ ಬರೆದದ್ದು: 'ನಾನು ಎಮ್ಮೆದೊಡ್ಡಿ ಕಾವಲಿಗೆ ಹೋಗಿದ್ದೆ. ಅಲ್ಲಿ ಸಮುದ್ರವಿಲ್ಲ.' ಆಮೇಲೆ ಹುಲ್ಲು, ನೀಲಗಿರಿ, ಹಸುಗಳು ನಿಂತ ಜಾಗ. ಕಡೆಯ ಸಾಲು: 'ಇದು ಪಾಳುಭೂಮಿಯೋ ಅಲ್ಲವೋ ಎಂದು ಪುಸ್ತಕಗಳು ಎರಡು ಥರ ಹೇಳುತ್ತವೆ. ನನಗೆ ಇನ್ನೂ ತಿಳಿದಿಲ್ಲ.'

ಹೊರಗೆ ಕಾಯುತ್ತಿದ್ದ ಅರ್ಫಾತ್ ಕೇಳಿದ, "ಸಮುದ್ರ ಬಂತಾ?"

"ಬಂದಿತ್ತು. ಬಿಟ್ಬಿಟ್ಟೆ. ತಪ್ಪು ಮಾಡಿದ್ನೇನೋ."

ಆ ಪತ್ರಿಕೆ ಈಗ ಯಾವುದೋ ಕಟ್ಟಿನಲ್ಲಿದೆ. ಇದನ್ನು ಓದುತ್ತಿರುವವರಲ್ಲಿ ತಿದ್ದುವ ಮೇಷ್ಟ್ರುಗಳಿದ್ದೀರಿ, ಅವರ ಮನೆಯವರಿದ್ದೀರಿ, ಹಳೆಯ ಶಿಷ್ಯರಿದ್ದೀರಿ. ಸಮುದ್ರವಿಲ್ಲದ ಉತ್ತರವೊಂದು ಸಿಕ್ಕರೆ ಕೆಂಪು ಪೆನ್ನನ್ನು ಕೆಳಗಿಡಿ. ಮೊದಲು ಅದನ್ನು ಕೊನೆಯ ಸಾಲಿನವರೆಗೂ ಓದಿ. ಓದಿ, ಆಮೇಲೆ ಅಂಕ ಹಾಕಿ.