ಫಲ ಬಿಡುವ ಪಿಯಾನೋ

ಮಕ್ಕಳಿಗೆ ಲಾಭ-ನಷ್ಟದ ಲೆಕ್ಕ ಕಲಿಸುತ್ತ ಅರ್ಧ ಆಯುಷ್ಯ ಕಳೆದವಳು ನಾನು. ಹೀಗಿದ್ದೂ ನಮ್ಮದೇ ಮನೆಯಲ್ಲಿರುವ ಒಂದು ಪಿಯಾನೋದ ಬೆಲೆ ಎಷ್ಟೆಂದು ಈವರೆಗೆ ನನಗೆ ಗೊತ್ತಾಗಿಲ್ಲ. ಪಠ್ಯಪುಸ್ತಕದವರು ಪುಣ್ಯವಂತರು. ಕೊಂಡ ಬೆಲೆಯನ್ನೂ ಅವರೇ ಕೊಟ್ಟಿರುತ್ತಾರೆ, ಮಾರಿದ ಬೆಲೆಯನ್ನೂ ಅವರೇ ಕೊಟ್ಟಿರುತ್ತಾರೆ. ನಾವು ಕಳೆದು ಜಾಣರೆನಿಸಿಕೊಳ್ಳುವುದಷ್ಟೇ ಬಾಕಿ.

ಈ ಪಿಯಾನೋವನ್ನು ನಾನು ಕೊಂಡದ್ದಲ್ಲ. ಕಾರವಾರದ ನಮ್ಮ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಫಿಲೋಮಿನಾ ಟೀಚರ್ ನಿವೃತ್ತರಾಗಿ ಮಡಗಾಂವಿನ ತಂಗಿಯ ಮನೆಗೆ ಹೊರಟಾಗ, "ಎರಡು ತಿಂಗಳು ಇಟ್ಕೊಳ್ಳಿ, ಆಮೇಲೆ ತರಿಸ್ಕೊಳ್ತೇನೆ" ಎಂದು ಅದನ್ನು ಟೆಂಪೋದಲ್ಲಿ ಅಂಕೋಲೆಯ ನಮ್ಮ ಮನೆಗೆ ಸಾಗಹಾಕಿದರು. ಎರಡು ವರ್ಷದ ಮೇಲೆ ಫೋನು ಬಂತು. ತಂಗಿಯ ಫ್ಲ್ಯಾಟಿನ ಮೆಟ್ಟಿಲಿನಲ್ಲಿ ಅದು ತಿರುಗುವುದಿಲ್ಲವಂತೆ. ಇನ್ನು ಅದು ನನ್ನದೇ ಅಂತೆ. ಬೇಕಾದರೆ ಇಟ್ಟುಕೊಳ್ಳಬಹುದು, ಬೇಡವಾದರೆ ಮಾರಬಹುದು. ನನಗೆ ಬಾರಿಸಲು ಬರುವುದಿಲ್ಲ. ನಮ್ಮವರಿಗೆ ಕದ್ರಾದ ವಿದ್ಯುದಾಗಾರದಲ್ಲಿ ಕೆಲಸ. ಅಲ್ಲಿಯ ಯಂತ್ರಗಳ ಗುಂಯ್‌ಗುಡುವಿಕೆ ಕೇಳಿ ಬಂದವರಿಗೆ ಮನೆಯಲ್ಲಿ ಮಿಕ್ಸರಿನ ಸದ್ದೂ ಬೇಡ.

ಆದರೆ ಪಿಯಾನೋ ನಿಂತದ್ದು ಪಡಸಾಲೆಯ ಕಿಟಕಿಯ ಪಕ್ಕ. ನಮ್ಮ ಮನೆಯಲ್ಲಿ ಕಡಲಗಾಳಿ ಬರುವ ಜಾಗ ಅದೊಂದೇ. ಅಲ್ಲಿರಬೇಕಾಗಿದ್ದದ್ದು ಅತ್ತೆಯ ಮಂಚ. ಅತ್ತೆ ಒಳಕೋಣೆಯಲ್ಲಿ ಸೆಕೆಗೆ ಹೊರಳಾಡುವುದು, ಪಿಯಾನೋ ಇಲ್ಲಿ ಆರಾಮಾಗಿ ಗಾಳಿ ತಿನ್ನುವುದು ನೋಡಿ ನನಗೇ ಹೊಟ್ಟೆ ಉರಿಯಿತು. ಬೇಸಿಗೆ ಬರುವುದರೊಳಗೆ ಇದನ್ನು ಮಾರಿಬಿಡಬೇಕೆಂದು ನಿಶ್ಚಯಿಸಿದೆ. ಮಾರಬೇಕಾದರೆ ಬೆಲೆ ಗೊತ್ತಿರಬೇಕು, ಬೆಲೆಗೆ ವಯಸ್ಸು ಗೊತ್ತಿರಬೇಕು.

ಹೆಂಗಸರ ವಯಸ್ಸು ಕಂಡುಹಿಡಿಯುವುದು ಕಷ್ಟ ಎನ್ನುವ ಗಂಡಸರು ಒಮ್ಮೆ ಪಿಯಾನೋದ ವಯಸ್ಸು ಹುಡುಕಿ ನೋಡಬೇಕು. ತಯಾರಿಸಿದವರ ಹೆಸರು ಮುಚ್ಚಳದ ಒಳಗೆ ಬಂಗಾರದ ಅಕ್ಷರದಲ್ಲಿ ಇತ್ತಂತೆ. ಈಗ ಉಳಿದಿರುವುದು 'ಅಂಡ್ ಸನ್ಸ್, ಲಂಡನ್' ಎಂಬುದಷ್ಟೆ. ಅಪ್ಪ ಅಳಿಸಿಹೋಗಿದ್ದಾನೆ, ಮಕ್ಕಳು ಹೊಳೆಯುತ್ತಿದ್ದಾರೆ. ಒಳಗೆ ಕೊರೆದಿದ್ದ ನಂಬರನ್ನು ಬರೆದುಕೊಂಡು ಕಾರವಾರದ ಸೈಬರ್ ಕೆಫೆಗೆ ಹೋದೆ. ತಯಾರಕರ ಹೆಸರು ಗೊತ್ತಿದ್ದರೆ ನಂಬರಿನಿಂದ ವರ್ಷ ತಿಳಿಯುತ್ತದೆ ಎಂದು ಇಂಟರ್ನೆಟ್ಟು ಹೇಳಿತು. ಅಪ್ಪನ ಹೆಸರು ಗೊತ್ತಿಲ್ಲದವರಿಗೆ ಅಲ್ಲಿಯೂ ದಾಖಲಾತಿ ಇಲ್ಲ.

ಎದುರಿನ ಹಲಗೆಯಲ್ಲಿ ಮೇಣದಬತ್ತಿ ಇಡುವ ಹಿತ್ತಾಳೆ ಹಿಡಿಕೆಗಳಿದ್ದರೆ ಅದು ಕರೆಂಟು ಬರುವ ಮೊದಲಿನದು ಎಂದೂ ಓದಿದೆ. ನಮ್ಮದರಲ್ಲಿ ಹಿಡಿಕೆಗಳು ಇವೆ. ಆದರೆ ಕರೆಂಟು ಹುಟ್ಟುವ ಕದ್ರಾ ಇಷ್ಟು ಹತ್ತಿರವಿದ್ದೂ ವಾರಕ್ಕೆ ನಾಲ್ಕು ಸಂಜೆ ಮೇಣದಬತ್ತಿ ಹಚ್ಚುವ ನಮಗೆ ಅದು ಹಳೆಯ ಕಾಲದ ಗುರುತು ಹೇಗಾದೀತು? ನಮ್ಮವರು ಆ ಹಿಡಿಕೆಗೆ ಬತ್ತಿ ಸಿಕ್ಕಿಸಿಯೇ ಊಟ ಮಾಡುತ್ತಾರೆ. ಈ ವಿಷಯದಲ್ಲಿ ಅವರನ್ನು ಏನಾದರೂ ಕೇಳಿದರೆ ಮಾತ್ರ ಸಿಟ್ಟಾಗುತ್ತಾರೆ.

ಒತ್ತಿ ಬಾರಿಸುವ ಬಿಳಿಯ ಪಟ್ಟಿಗಳು, ಅಂದರೆ ಮನೆಗಳು, ಹಳದಿಗಟ್ಟಿದ್ದು ಕಂಡು ಪಕ್ಕದ ಮನೆಯ ಮಾಸ್ತರರು, "ಇದು ಆನೆದಂತ, ಲಕ್ಷದ ಮಾಲು" ಎಂದರು. ಒಂದು ದಿನ ನಾನು ಲಕ್ಷಾಧೀಶ್ವರಿಯಾಗಿ ನಡೆದಾಡಿದೆ. ಮಾರನೆಯ ದಿನ ಅವರೇ ಬೇಲಿಯಾಚೆಯಿಂದ ತಗ್ಗಿದ ದನಿಯಲ್ಲಿ, "ದಂತ ಇಟ್ಕಂಡ್ರೆ ಕೇಸಾಗ್ತದಂತೆ, ನಾ ಹೇಳಿದ್ದೆ ಅನ್ಬೇಡಿ" ಎಂದರು. ಆಮೇಲೆ ಒಂದು ವಾರ ಪಿಯಾನೋ ಮೇಲೆ ಚಾದರ ಹೊದೆಸಿಟ್ಟೆ.

ಕಡಲತಡಿಯ ಕೇಣಿ ಊರಿನಿಂದ ಮೀನು ತರುವ ಸುಬ್ಬಿ ಜಗಲಿಯ ಮೇಲೆ ಬುಟ್ಟಿ ಇಳಿಸಿ ಈ ಸಂಶೋಧನೆಯನ್ನೆಲ್ಲ ಕೇಳಿಸಿಕೊಂಡಳು. "ಹಳತಾದಷ್ಟೂ ರೇಟು ಹೆಚ್ಚಾ ಬಾಯೀ? ನಂಗೂ ಅಂಥಾ ಯಾಪಾರ ಒಂದು ಕಲಿಸಿ ಕೊಡಿ" ಎಂದು ನಕ್ಕಳು. ಮಧ್ಯಾಹ್ನ ದಾಟಿದರೆ ಬಂಗಡೆಯನ್ನು ಸಿಕ್ಕ ಬೆಲೆಗೆ ಕೊಡಬೇಕಾದವಳ ಆ ಪ್ರಶ್ನೆಗೆ ಯಾವ ಅರ್ಥಶಾಸ್ತ್ರಜ್ಞರೂ ಉತ್ತರಿಸಲಾರರು.

ನಿಜವಾದ ತಜ್ಞರು ಮನೆಯೊಳಗೇ ಇದ್ದರು. ಅತ್ತೆ ಕಾರವಾರದ ಹತ್ತಿರದ ಚೆಂಡಿಯಾ ಊರಿನವರು. ನೌಕಾನೆಲೆಗೆಂದು ಸರ್ಕಾರ ಊರನ್ನೇ ವಶಪಡಿಸಿಕೊಂಡಾಗ ಪರಿಹಾರಕ್ಕಾಗಿ ಮನೆ, ಬಾವಿ, ಮರ ಎಲ್ಲಕ್ಕೂ ವಯಸ್ಸು ಹೇಳಿ, ಬೆಲೆ ಕಟ್ಟಿಸಿಕೊಂಡು ಬಂದವರು. ಮೌಲ್ಯಮಾಪನದಲ್ಲಿ ಅವರಿಗಿರುವ ಅನುಭವ ಯಾವ ಪ್ರೊಫೆಸರರಿಗೂ ಇಲ್ಲ. ಪಿಯಾನೋದ ಸುತ್ತ ಒಂದು ಸುತ್ತು ಬಂದು ಕೇಳಿದರು: "ಇದು ಫಲ ಬಿಡೂದಾ, ಬಿಡದೇ ಇದ್ದದ್ದಾ? ಮೊದ್ಲು ಅದ್ನ ಹೇಳು ತಂಗಿ. ಸಸಿಗೆ ಒಂದ್ ರೇಟು, ಫಲ ಬಿಡೂದಕ್ಕೆ ಒಂದ್ ರೇಟು, ಮುದಿ ಆದ್ರೆ ಬರೀ ಕಟ್ಟಿಗೆ ರೇಟು."

ಅರ್ಧಕ್ಕರ್ಧ ಮನೆಗಳು ಒತ್ತಿದರೆ ಮಾತಾಡುವುದಿಲ್ಲ ಎಂದೆ. "ಹಂಗಾರೆ ಕಟ್ಟಿಗೆ" ಎಂದು ತೀರ್ಪು ಕೊಟ್ಟರು. ಅಳತೆಯವರು ಬರುವ ವಾರ ಊರಿಗೆ ಊರೇ ಎದ್ದು ಸಸಿ ನೆಟ್ಟದ್ದನ್ನು, ಹುಟ್ಟಿದಾರಭ್ಯ ಹಿತ್ತಲಿಗೆ ಕಾಲಿಡದವರೂ ಸಸಿಗೆ ನೀರು ಹೊತ್ತದ್ದನ್ನು ಅವರು ನಗುನಗುತ್ತಲೇ ಹೇಳುತ್ತಾರೆ. ಬಾವಿಯ ಹತ್ತಿರದ ಮಾವಿನಮರದ ಸುದ್ದಿ ಬಂದಾಗ ಮಾತ್ರ ನಗು ನಿಲ್ಲುತ್ತದೆ. ಅದರ ಬುಡಕ್ಕೆ ಬಣ್ಣದಲ್ಲಿ ನಂಬರು ಬರೆದ ದಿನದಿಂದ ಒಂದು ಕಾಯಿ ಕೊಯ್ಯಲೂ ಅತ್ತೆಗೆ ಕೈ ಬರಲಿಲ್ಲವಂತೆ. ಮರ ನಿಂತಲ್ಲೇ ನಿಂತಿತ್ತು, ಆದರೆ ಪರರದಾಗಿತ್ತು.

ಕೊನೆಗೆ ಮಡಗಾಂವಿನಿಂದ ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಲಾರಿ ಸಮೇತ ಬಂದ. ನಾನು ನನ್ನ ಸಂಶೋಧನೆಯನ್ನು ಒಪ್ಪಿಸತೊಡಗಿದೆ. ಆತ ಕೈ ಅಡ್ಡ ಹಿಡಿದ. "ವಯಸ್ಸು ಎಷ್ಟು ಬೇಕು ಹೇಳಿ ಬಾಯೀ, ಅಷ್ಟು ಮಾಡ್ವ. ನಾ ಮಾರೂದು ಹೋಟೆಲ್ನವ್ರಿಗೆ. ಹೋಟೆಲು ಹೊಸದಾದಷ್ಟೂ ಪಿಯಾನೋ ಹಳೇದು ಬೇಕು ಅವ್ರಿಗೆ."

"ಅರ್ಧ ಮನೆ ಸ್ವರವೇ ಬರುವುದಿಲ್ಲ" ಎಂದೆ ಪ್ರಾಮಾಣಿಕಳಾಗಿ.

"ಸ್ವರ ಯಾರಿಗೆ ಬೇಕು? ಮೇಲೆ ಹೂದಾನಿ ಇಡ್ತಾರೆ. ಒಳಗಿಂದೆಲ್ಲ ಕಿತ್ತು ಹಾಕಿದ್ರೆ ಹೊರೂಕೂ ಹಗುರ."

ಅವನು ಹೇಳಿದ ಬೆಲೆ ಕೇಳಿ ನನ್ನ ಪ್ರಾಮಾಣಿಕತೆ ಅಲ್ಲಿಗೇ ನಿಂತಿತು. ಲಾರಿಯಲ್ಲಿ ಬೇರೆ ಮನೆಗಳ ಸಾಮಾನೂ ಇದೆ, ಅದಲುಬದಲಾಗದಂತೆ ಒಂದು ನಂಬರು ಹಾಕಬೇಕು, ಬರೆಯಲು ಏನಾದರೂ ಇದೆಯೇ ಎಂದು ಕೇಳಿದ. ಟೀಚರಮ್ಮನ ಪರ್ಸಿನಲ್ಲಿ ಸೀಮೆಸುಣ್ಣದ ತುಂಡಿಗೆ ಬರವೇ? ತೆಗೆದುಕೊಟ್ಟೆ. ಅವನು ಪಿಯಾನೋದ ಪಕ್ಕೆಯ ಮೇಲೆ ದೊಡ್ಡದಾಗಿ ಹದಿನೇಳು ಎಂದು ಬರೆದ.

ಅತ್ತೆ ಒಳಗಿನಿಂದ ಯಾವಾಗ ಬಂದರೋ ಕಾಣಲಿಲ್ಲ. ಸೀರೆಯ ಸೆರಗಿನಿಂದ ಆ ಹದಿನೇಳನ್ನು ಒರೆಸತೊಡಗಿದರು. ಸುಣ್ಣ ಹೋದ ಮೇಲೂ ಒರೆಸುತ್ತಲೇ ಇದ್ದರು.

"ಇದು ಹೋಗೂದಿಲ್ಲ" ಎಂದರು.

ವ್ಯಾಪಾರಿ ಬೆಲೆ ಏರಿಸಿದ. ಮತ್ತೊಮ್ಮೆ ಏರಿಸಿದ. ಅತ್ತೆ ಒರೆಸುತ್ತಲೇ ಇದ್ದುದನ್ನು ಕಂಡು, "ಹೋಗ್ಲಿ ಅಮ್ಮಾ, ನಿಮ್ದೇ ಒಂದು ಬೆಲೆ ಹೇಳಿ ಮಾರಾಯ್ರೆ" ಎಂದ.

"ಹೇಳಿದ್ರೆ ನೀ ಕೊಟ್ಟೇಬಿಡ್ತೆ. ಅದ್ಕೇ ಹೇಳೂದಿಲ್ಲ."

ಲಾರಿ ಹೋಯಿತು. ಹಾಗೆಂದು ಅತ್ತೆಗೆ ಪಿಯಾನೋ ಮೇಲೆ ಪ್ರೀತಿ ಹುಟ್ಟಿತೆಂದು ತಿಳಿಯಬೇಡಿ. "ಬ್ಯಾಡದ ಸಾಮಾನು" ಎಂದು ದಿನಕ್ಕೊಮ್ಮೆ ಬೈಯುತ್ತಾರೆ. ನಮ್ಮವರು ಕದ್ರಾದ ನಾಲ್ವರು ಗೆಳೆಯರನ್ನು ಕರೆತಂದು ಅದನ್ನು ಒಳಕೋಣೆಗೆ ನೂಕಿಸಿದರು. ಮಂಚ ಕಿಟಕಿಗೆ ಬಂತು. ಅತ್ತೆಗೆ ಗಾಳಿ ಸಿಕ್ಕಿತು. ಲೆಕ್ಕದಲ್ಲಿ ನಷ್ಟ ಯಾರಿಗಾದರೂ ಆಗಲೇಬೇಕಲ್ಲ, ನನಗಾಯಿತು: ಪಿಯಾನೋ ಅಡ್ಡ ಬಂದು ನನ್ನ ಕಪಾಟಿನ ಒಂದೇ ಬಾಗಿಲು ತೆರೆಯುತ್ತದೆ, ಒಳ್ಳೆಯ ಸೀರೆಗಳೆಲ್ಲ ಇನ್ನೊಂದು ಬಾಗಿಲ ಹಿಂದೆ ಉಳಿದಿವೆ.

ಸೀಮೆಸುಣ್ಣ ಕೊಟ್ಟದ್ದಕ್ಕೆ ಅತ್ತೆ ನನ್ನನ್ನು ಬೈಯಲಿಲ್ಲ. ಆದರೂ ಈಗೀಗ ಸಂಜೆ ಶಾಲೆಯಿಂದ ಹೊರಡುವ ಮೊದಲು ಪರ್ಸನ್ನು ಅಂಗಳದಲ್ಲಿ ಬೋರಲು ಹಾಕಿ, ಸೀಮೆಸುಣ್ಣದ ಚೂರೊಂದೂ ಉಳಿಯದಂತೆ ಕೊಡವಿಯೇ ಬಸ್ಸು ಹತ್ತುತ್ತೇನೆ.